ನಿಸರ್ಗ ಕೈಬಿಟ್ಟ ಮುಪ್ಪು, ಹಾಲ್ಡೇನ್ ಬಿಟ್ಟುಕೊಟ್ಟ ದೇಹ

1964ರ ಡಿಸೆಂಬರ್ 1ರಂದು ಭುವನೇಶ್ವರದಲ್ಲಿ ಒಬ್ಬ ಭಾರತೀಯ ಪ್ರಜೆ ತೀರಿಕೊಂಡರು. ವಯಸ್ಸು 72. ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಭಾರತದ ಪೌರತ್ವ ಪಡೆದು ಆಗಿನ್ನೂ ಮೂರು ವರ್ಷ. ಅವರನ್ನು ಸುಡಲೂ ಇಲ್ಲ, ಹೂಳಲೂ ಇಲ್ಲ. ಬರೆದಿಟ್ಟ ಉಯಿಲಿನಂತೆ ದೇಹ ಆಂಧ್ರದ ಕಾಕಿನಾಡಕ್ಕೆ, ಅಲ್ಲಿನ ರಂಗರಾಯ ವೈದ್ಯಕೀಯ ಕಾಲೇಜಿಗೆ ಹೋಯಿತು. ಸಂಶೋಧನೆಗೆ ಮತ್ತು ಪಾಠಕ್ಕೆ.

ಅವರ ಹೆಸರು ಜೆ.ಬಿ.ಎಸ್. ಹಾಲ್ಡೇನ್. ಡಾರ್ವಿನ್‌ನ ವಿಕಾಸವಾದಕ್ಕೆ ಗಣಿತದ ಬೆನ್ನೆಲುಬು ಕೊಟ್ಟ ಮೂವರಲ್ಲಿ ಒಬ್ಬರು. ಇನ್ನಿಬ್ಬರು ರೊನಾಲ್ಡ್ ಫಿಶರ್ ಮತ್ತು ಸ್ಯೂವಲ್ ರೈಟ್. ಪಠ್ಯಪುಸ್ತಕದಲ್ಲಿ ಹಾಲ್ಡೇನ್ ಹೆಸರು ಬಂದರೆ ಇಷ್ಟೇ ಬರುತ್ತದೆ.

ಆದರೆ ತುಮಕೂರಿನ ಪಕ್ಕದ ಸತ್ಯಮಂಗಲದಂಥ ಊರಿನಲ್ಲೂ ಇವತ್ತು ಕೇಳಬೇಕಾದ ಎರಡು ಪ್ರಶ್ನೆಗಳಿಗೆ ಈ ಮನುಷ್ಯನ ಬದುಕು ತಾಗುತ್ತದೆ. ಒಂದು: ನಾವು ಯಾಕೆ ಮುದುಕರಾಗುತ್ತೇವೆ? ಎರಡು: ಅದನ್ನು ತಿಳಿಯಲು ವೈದ್ಯರಿಗೆ ಸತ್ತವರ ದೇಹ ಬೇಕು ಅಂತಾದರೆ, ಅದು ಯಾರ ದೇಹ? ಮೊದಲನೆಯದು ಜೀವಶಾಸ್ತ್ರದ ಪ್ರಶ್ನೆ. ಎರಡನೆಯದು ರಾಜಕೀಯದ್ದು. ಹಾಲ್ಡೇನ್ ಮೊದಲನೆಯದಕ್ಕೆ ಒಂದು ಪುಸ್ತಕದಲ್ಲಿ ಸುಳಿವು ಕೊಟ್ಟರು. ಎರಡನೆಯದಕ್ಕೆ ತಮ್ಮ ದೇಹವನ್ನೇ ಕೊಟ್ಟರು.

ಗಣಿಯಲ್ಲಿ ಕಲಿತ ಪಾಠ

ಹಾಲ್ಡೇನ್ ಹುಟ್ಟಿದ್ದು 1892ರ ನವೆಂಬರ್ 5ರಂದು, ಆಕ್ಸ್‌ಫರ್ಡ್‌ನಲ್ಲಿ. ಬಡತನದ ಕಥೆ ಇಲ್ಲಿ ಹುಡುಕಬೇಡಿ. ಸ್ಕಾಟ್ಲೆಂಡಿನ ದೊಡ್ಡ ಮನೆತನ. ದೊಡ್ಡಪ್ಪ ರಿಚರ್ಡ್ ಹಾಲ್ಡೇನ್ ಮುಂದೆ ಬ್ರಿಟನ್ನಿನ ಲಾರ್ಡ್ ಚಾನ್ಸಲರ್ ಆದವರು. ಹುಡುಗ ಓದಿದ್ದು ಈಟನ್ ಶಾಲೆಯಲ್ಲಿ, ಆಮೇಲೆ ಆಕ್ಸ್‌ಫರ್ಡ್‌ನ ನ್ಯೂ ಕಾಲೇಜಿನಲ್ಲಿ. ಆಳುವವರನ್ನು ತಯಾರು ಮಾಡುವ ಜಾಗಗಳು ಅವು.

ಆದರೆ ಅಪ್ಪ ಬೇರೆ ಥರದ ಮನುಷ್ಯ. ಜಾನ್ ಸ್ಕಾಟ್ ಹಾಲ್ಡೇನ್ ಉಸಿರಾಟದ ಬಗ್ಗೆ ಕೆಲಸ ಮಾಡಿದ ಶರೀರ ವಿಜ್ಞಾನಿ. ಕಲ್ಲಿದ್ದಲು ಗಣಿಯಲ್ಲಿ ಸ್ಫೋಟವಾದರೆ ಕಾರ್ಮಿಕರು ಬೆಂಕಿಯಿಂದ, ಹೊಡೆತದಿಂದ ಸಾಯುತ್ತಾರೆ ಅಂತ ಎಲ್ಲರೂ ನಂಬಿದ್ದ ಕಾಲ. 1896ರಲ್ಲಿ ಅವರು ವೇಲ್ಸ್‌ನ ಗಣಿ ದುರಂತವೊಂದರಲ್ಲಿ ಸತ್ತವರ ದೇಹಗಳನ್ನು ಪರೀಕ್ಷಿಸಿ, ಹೆಚ್ಚಿನವರನ್ನು ಕೊಂದಿದ್ದು ಸ್ಫೋಟದ ನಂತರ ತುಂಬಿಕೊಂಡ ಕಾರ್ಬನ್ ಮೊನಾಕ್ಸೈಡ್ ಅಂತ ತೋರಿಸಿದರು. ಗಣಿಗೆ ಪುಟ್ಟ ಹಕ್ಕಿಗಳನ್ನು ಒಯ್ಯುವ ಪದ್ಧತಿ ಬಂದಿದ್ದು ಇದರಿಂದಲೇ. ವಿಷಗಾಳಿ ಇದ್ದರೆ ಮನುಷ್ಯನಿಗಿಂತ ಮೊದಲು ಹಕ್ಕಿ ಬೀಳುತ್ತದೆ, ಅಷ್ಟರಲ್ಲಿ ಓಡಿಹೋಗಬಹುದು. ಸತ್ತ ಕಾರ್ಮಿಕರ ದೇಹಗಳು ಬದುಕಿದ್ದ ಕಾರ್ಮಿಕರನ್ನು ಕಾಪಾಡಿದವು.

ಅಪ್ಪ ಮಗನನ್ನೂ ಗಣಿಗೆ ಕರೆದುಕೊಂಡು ಹೋಗುತ್ತಿದ್ದರು. ಒಮ್ಮೆ ಗಣಿಯೊಳಗೆ ಮೀಥೇನ್ ತುಂಬಿದ್ದ ಕಡೆ ನಿಲ್ಲಿಸಿ, ಶೇಕ್ಸ್‌ಪಿಯರ್ ನಾಟಕದ ಭಾಷಣವೊಂದನ್ನು ಗಟ್ಟಿಯಾಗಿ ಹೇಳಿಸಿದರು. ಸ್ವಲ್ಪ ಹೊತ್ತಿಗೆ ಹುಡುಗನಿಗೆ ಏದುಸಿರು, ಕಾಲು ಕುಸಿಯಿತು. ನೆಲಕ್ಕೆ ಬಿದ್ದ ಮೇಲೆ ಉಸಿರು ಸರಿಯಾಯಿತು. ಮೀಥೇನ್ ಗಾಳಿಗಿಂತ ಹಗುರ, ಛಾವಣಿಗೆ ಹತ್ತಿರ ಇರುತ್ತದೆ, ನೆಲದ ಬಳಿ ಒಳ್ಳೆಯ ಗಾಳಿ ಇರುತ್ತದೆ ಎಂಬುದು ಆ ಹುಡುಗನಿಗೆ ಜನ್ಮಪೂರ್ತಿ ಮರೆಯಲಿಲ್ಲ.

ಈಗಿನ ಕಾಲದಲ್ಲಿ ಯಾವ ಅಪ್ಪನೂ ಹೀಗೆ ಮಾಡಕೂಡದು, ಸರಿ. ಆದರೆ ಆ ಮನೆಯಲ್ಲಿ ಒಂದು ನಿಯಮವಿತ್ತು. ಇನ್ನೊಬ್ಬರ ಮೈಮೇಲೆ ಮಾಡುವ ಪ್ರಯೋಗವನ್ನು ಮೊದಲು ನಮ್ಮ ಮೈಮೇಲೆ ಮಾಡಿಕೊಳ್ಳಬೇಕು. 1915ರಲ್ಲಿ ಜರ್ಮನ್ ಸೈನ್ಯ ಯುದ್ಧಭೂಮಿಯಲ್ಲಿ ಕ್ಲೋರಿನ್ ಬಿಟ್ಟಾಗ, ಮುಖವಾಡ ಎಷ್ಟು ಕೆಲಸ ಮಾಡುತ್ತದೆ ಅಂತ ನೋಡಲು ಅಪ್ಪ-ಮಗ ಇಬ್ಬರೂ ಆ ವಿಷಗಾಳಿ ಕುಡಿದರು. ಮಗ ಆಗ ಬ್ಲ್ಯಾಕ್ ವಾಚ್ ರೆಜಿಮೆಂಟಿನ ಅಧಿಕಾರಿ. ಫ್ರಾನ್ಸಿನಲ್ಲೂ ಈಗಿನ ಇರಾಕಿನಲ್ಲೂ ಕಾದಾಡಿ, ಗಾಯಗೊಂಡು, ಚೇತರಿಸಿಕೊಳ್ಳಲು ಬಂದಿದ್ದು ಭಾರತಕ್ಕೆ. ಈ ದೇಶದ ಮೊದಲ ಪರಿಚಯ ಆದದ್ದು ಹಾಗೆ, ಆಳುವ ಸೈನ್ಯದ ಸಮವಸ್ತ್ರದಲ್ಲಿ.

ತನ್ನ ಮೈಯೇ ಪ್ರಯೋಗಶಾಲೆ

ಯುದ್ಧ ಮುಗಿದ ಮೇಲೆ ಅವರು ಆಕ್ಸ್‌ಫರ್ಡ್, ಕೇಂಬ್ರಿಜ್, ಕೊನೆಗೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಕೆಲಸ ಮಾಡಿದರು. ತಮಾಷೆ ಏನೆಂದರೆ ಅವರ ಪದವಿ ವಿಜ್ಞಾನದ್ದಲ್ಲ. ಗಣಿತ ಮತ್ತು ಗ್ರೀಕ್-ಲ್ಯಾಟಿನ್ ಓದಿದವರು. 1924ರಿಂದ ಹತ್ತು ವರ್ಷ, ನಿಸರ್ಗದ ಆಯ್ಕೆ ಎಷ್ಟು ವೇಗವಾಗಿ ಕೆಲಸ ಮಾಡುತ್ತದೆ ಅಂತ ಲೆಕ್ಕ ಹಾಕಿ ಒಂದರ ಮೇಲೊಂದು ಪ್ರಬಂಧ ಬರೆದರು. 1932ರಲ್ಲಿ 'ದಿ ಕಾಸಸ್ ಆಫ್ ಎವಲ್ಯೂಷನ್' ಪುಸ್ತಕ ಬಂತು.

ಇದರ ಜೊತೆಗೇ ತಮ್ಮ ದೇಹವನ್ನು ಹಿಂಸಿಸಿಕೊಳ್ಳುವ ಕೆಲಸವೂ ನಡೆದಿತ್ತು. ರಕ್ತ ಆಮ್ಲೀಯವಾದರೆ ಏನಾಗುತ್ತದೆ ಅಂತ ತಿಳಿಯಲು ಅಮೋನಿಯಂ ಕ್ಲೋರೈಡ್ ಕುಡಿದು ದಿನಗಟ್ಟಲೆ ಏದುಸಿರು ಬಿಟ್ಟರು. ಅದರ ಫಲ ಮುಂದೆ ಟೆಟನಿ ಎಂಬ ಸ್ನಾಯು ಸೆಳೆತದಿಂದ ನರಳುವ ಎಳೆಗೂಸುಗಳ ಚಿಕಿತ್ಸೆಗೆ ಒದಗಿತು.

1939ರ ಜೂನ್ 1ರಂದು ಲಿವರ್‌ಪೂಲ್ ಕೊಲ್ಲಿಯಲ್ಲಿ ಥೀಟಿಸ್ ಎಂಬ ಹೊಸ ಜಲಾಂತರ್ಗಾಮಿ ಪರೀಕ್ಷಾ ಓಡಾಟದಲ್ಲಿ ಮುಳುಗಿತು. 99 ಜನ ಸತ್ತರು. ಅವರಲ್ಲಿ ನೌಕಾಪಡೆಯವರಷ್ಟೇ ಅಲ್ಲ, ಹಡಗು ಕಟ್ಟಿದ ಕಾರ್ಮಿಕರೂ ಇದ್ದರು. ಕಾರ್ಮಿಕ ಸಂಘದವರು ಹಾಲ್ಡೇನ್ ಅವರನ್ನು ಕರೆದರು. ಅವರು ಸ್ಪೇನ್ ಅಂತರ್ಯುದ್ಧದಲ್ಲಿ ಫ್ಯಾಸಿಸ್ಟರ ವಿರುದ್ಧ ಕಾದಾಡಿ ಬಂದಿದ್ದ ಸಂಗಾತಿಗಳ ಜೊತೆ ಉಕ್ಕಿನ ಕೋಣೆಯೊಳಗೆ ಕೂತು, ಕಾರ್ಬನ್ ಡೈಆಕ್ಸೈಡ್ ಏರುತ್ತಾ ಹೋದಂತೆ ಮನುಷ್ಯನಿಗೆ ಏನಾಗುತ್ತದೆ ಅಂತ ಅನುಭವಿಸಿದರು. ಯುದ್ಧದ ವರ್ಷಗಳಲ್ಲಿ ಇದೇ ಕೆಲಸ ಮುಂದುವರಿಯಿತು. ಹೆಚ್ಚಿನ ಒತ್ತಡ, ಹೆಚ್ಚಿನ ಆಕ್ಸಿಜನ್, ಮಂಜಿನಂಥ ನೀರು. ಒಮ್ಮೆ ಆಕ್ಸಿಜನ್ ವಿಷವಾಗಿ ಮೈ ಸೆಳೆತ ಬಂದು ಬೆನ್ನುಮೂಳೆಗೆ ಪೆಟ್ಟಾಯಿತು. ಆ ನೋವು ಕೊನೆತನಕ ಉಳಿಯಿತು. ಕಿವಿಯ ತಮಟೆಗಳು ತೂತಾದವು. ಮುಂದೆ ಅವರ ಹೆಂಡತಿಯಾದ ಜೀವವಿಜ್ಞಾನಿ ಹೆಲೆನ್ ಸ್ಪರ್ವೇ ಕೂಡ ಆ ಕೋಣೆಯಲ್ಲಿ ಕೂತವರೇ.

ಇದನ್ನೆಲ್ಲ ಸಾಹಸದ ಕಥೆಯಾಗಿ ಓದಬಹುದು. ಆದರೆ ಹಾಲ್ಡೇನ್ ಇದರಲ್ಲಿ ಒಂದು ನ್ಯಾಯದ ಲೆಕ್ಕ ಇಟ್ಟಿದ್ದರು. ಅಪಾಯದ ಕೆಲಸ ಯಾವಾಗಲೂ ಕೆಳಗಿನವರ ಪಾಲಿಗೆ, ಅದರ ಜ್ಞಾನ ಮತ್ತು ಲಾಭ ಮೇಲಿನವರ ಪಾಲಿಗೆ. ಈಟನ್‌ನಲ್ಲಿ ಓದಿದ ಪ್ರೊಫೆಸರ್ ಕಾರ್ಮಿಕನ ಜೊತೆ ಅದೇ ವಿಷಗಾಳಿ ಕುಡಿದರೆ ಆ ಲೆಕ್ಕ ಸ್ವಲ್ಪವಾದರೂ ಅಲುಗಾಡುತ್ತದೆ.

ಬಾಯಿ ಬಿಡಬೇಕಾದಾಗ ಬಿಡದಿದ್ದದ್ದು

ಹಾಲ್ಡೇನ್ ಎಡಪಂಥೀಯರು. 1937ರಿಂದ 1950ರವರೆಗೆ ಕಮ್ಯುನಿಸ್ಟ್ ಪತ್ರಿಕೆ 'ಡೈಲಿ ವರ್ಕರ್'ನಲ್ಲಿ ಸಾಮಾನ್ಯ ಓದುಗರಿಗಾಗಿ 300ಕ್ಕೂ ಹೆಚ್ಚು ವಿಜ್ಞಾನ ಲೇಖನ ಬರೆದರು. 1942ರಲ್ಲಿ ಬ್ರಿಟನ್ನಿನ ಕಮ್ಯುನಿಸ್ಟ್ ಪಕ್ಷ ಸೇರಿದರು. ಬಾಂಬು ಬೀಳುವಾಗ ಜನಸಾಮಾನ್ಯರಿಗೆ ಗಟ್ಟಿ ಆಶ್ರಯ ಕಟ್ಟಿಕೊಡಿ ಅಂತ ಸರ್ಕಾರದ ಜೊತೆ ಜಗಳವಾಡಿದರು.

ಅಭಿಮಾನದಿಂದ ಬರೆಯುವಾಗ ಜಾರಿಸಿಬಿಡುವ ಸಂಗತಿಯೊಂದಿದೆ, ಅದನ್ನು ಜಾರಿಸಬಾರದು. ಸ್ಟಾಲಿನ್‌ನ ಸೋವಿಯತ್ ದೇಶದಲ್ಲಿ ಲೈಸೆಂಕೊ ಎಂಬಾತ ತಳಿಶಾಸ್ತ್ರವನ್ನೇ ಬೂರ್ಜ್ವಾ ಸುಳ್ಳು ಅಂತ ಸಾರಿದ. ಮಹಾ ಸಸ್ಯವಿಜ್ಞಾನಿ ನಿಕೊಲಾಯ್ ವಾವಿಲೊವ್ ಜೈಲು ಸೇರಿ 1943ರಲ್ಲಿ ಅಲ್ಲೇ ಸತ್ತರು. ಹಾಲ್ಡೇನ್ 1928ರಲ್ಲಿ ಸೋವಿಯತ್ ದೇಶಕ್ಕೆ ಹೋಗಿದ್ದು ಇದೇ ವಾವಿಲೊವ್ ಆಹ್ವಾನದ ಮೇಲೆ. ಲೈಸೆಂಕೊ ಹೇಳುವುದು ತಪ್ಪು ಎಂದು ಜಗತ್ತಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಹೇಳಬಲ್ಲವರು ಅವರು. ಆದರೂ 1948ರಲ್ಲಿ ಸೋವಿಯತ್ ತಳಿಶಾಸ್ತ್ರವನ್ನು ಅಧಿಕೃತವಾಗಿ ಹೂತುಹಾಕಿದಾಗ ಅವರು ಹಿಂದೆಮುಂದೆ ನೋಡಿದರು, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದರು. 1950ರ ಹೊತ್ತಿಗೆ ಪಕ್ಷದಿಂದ ಸದ್ದಿಲ್ಲದೆ ದೂರ ಸರಿದರು.

ಕ್ಲೋರಿನ್ ಕುಡಿಯುವ ಧೈರ್ಯ ಇದ್ದವರಿಗೆ ಸ್ವಂತ ಪಕ್ಷದ ಎದುರು ಮಾತಾಡುವ ಧೈರ್ಯ ಸಾಲಲಿಲ್ಲ. ರಾಜಕೀಯ ಮಾಡುವ ಎಳೆಯರು ಇದನ್ನು ಗಮನದಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಮೈಯ ಧೈರ್ಯ ಒಂದು, ಮಾತಿನ ಧೈರ್ಯ ಇನ್ನೊಂದು.

ತೆನೆ ಕಣ ಸೇರಿದ ಮೇಲೆ

ಈಗ ಮುಪ್ಪಿನ ವಿಷಯಕ್ಕೆ ಬರೋಣ. 1941ರಲ್ಲಿ ಹಾಲ್ಡೇನ್ 'ನ್ಯೂ ಪಾತ್ಸ್ ಇನ್ ಜೆನೆಟಿಕ್ಸ್' ಎಂಬ ಪುಸ್ತಕ ಬರೆದರು. ಅದರಲ್ಲಿ ಹಂಟಿಂಗ್ಟನ್ ಕಾಯಿಲೆಯ ಬಗ್ಗೆ ಒಂದು ಯೋಚನೆ ಇದೆ. ಇದು ಮಿದುಳಿನ ಕಾಯಿಲೆ. ಕೈಕಾಲು ತಾನಾಗಿ ಕುಣಿಯುತ್ತವೆ, ಸ್ವಭಾವ ಬದಲಾಗುತ್ತದೆ, ಬುದ್ಧಿ ಕುಂದುತ್ತದೆ, ಗುಣವಾಗುವುದಿಲ್ಲ. ಅಪ್ಪ ಅಥವಾ ಅಮ್ಮ ಇಬ್ಬರಲ್ಲಿ ಒಬ್ಬರಿಗೆ ಈ ಕಾಯಿಲೆಯ ಜೀನ್ ಇದ್ದರೆ ಸಾಕು, ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ.

ಇಷ್ಟು ಕ್ರೂರವಾದ ಜೀನನ್ನು ನಿಸರ್ಗದ ಆಯ್ಕೆ ಯಾಕೆ ಅಳಿಸಿಹಾಕಲಿಲ್ಲ? ಹಾಲ್ಡೇನ್ ಕೊಟ್ಟ ವಿವರಣೆ ಸರಳ. ಈ ಕಾಯಿಲೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು 30ರಿಂದ 50ರ ವಯಸ್ಸಿನಲ್ಲಿ. ಅಷ್ಟರಲ್ಲಿ ಮದುವೆಯಾಗಿ ಮಕ್ಕಳೂ ಆಗಿರುತ್ತವೆ. ಜೀನ್ ಮುಂದಿನ ತಲೆಮಾರಿಗೆ ದಾಟಿ ಆಗಿದೆ. ಇನ್ನು ಆಯ್ಕೆ ಮಾಡಲು ನಿಸರ್ಗಕ್ಕೆ ಏನು ಉಳಿಯಿತು?

ನಮ್ಮ ಕಡೆಯ ಮಾತಲ್ಲಿ ಹೇಳುವುದಾದರೆ, ರಾಗಿ ಹೊಲಕ್ಕೆ ಕಾವಲು ಇರುವುದು ತೆನೆ ನಿಂತಿರುವ ತನಕ. ತೆನೆ ಕಣ ಸೇರಿದ ಮೇಲೆ ಹೊಲಕ್ಕೆ ದನ ನುಗ್ಗಿದರೂ ಯಾರೂ ಕೇಳಲ್ಲ. ಮಕ್ಕಳನ್ನು ಹೆತ್ತು ಬೆಳೆಸಿದ ಮೇಲೆ ನಮ್ಮ ದೇಹವೂ ಹಾಗೇ, ಕಾವಲಿಲ್ಲದ ಹೊಲ. ತಡವಾಗಿ ಕೆಡುಕು ಮಾಡುವ ಜೀನ್‌ಗಳು ತಲೆಮಾರಿನಿಂದ ತಲೆಮಾರಿಗೆ ಸದ್ದಿಲ್ಲದೆ ಸೇರಿಕೊಳ್ಳುತ್ತಾ ಹೋಗುತ್ತವೆ.

ಈ ಎಳೆಯನ್ನು ಹಿಡಿದು ಪೀಟರ್ ಮೆಡಾವರ್ 1950ರ ದಶಕದ ಆರಂಭದಲ್ಲಿ ಮುಪ್ಪಿನ ಒಂದು ಪೂರ್ತಿ ಸಿದ್ಧಾಂತ ಕಟ್ಟಿದರು. 1957ರಲ್ಲಿ ಜಾರ್ಜ್ ವಿಲಿಯಮ್ಸ್ ಇನ್ನೊಂದು ಮಾತು ಸೇರಿಸಿದರು: ಯೌವನದಲ್ಲಿ ಉಪಕಾರ ಮಾಡುವ ಜೀನೇ ಮುಪ್ಪಿನಲ್ಲಿ ಅಪಕಾರ ಮಾಡಬಹುದು. 1993ರಲ್ಲಿ ವಿಜ್ಞಾನಿಗಳು ಹಂಟಿಂಗ್ಟನ್ ಜೀನನ್ನೇ ಪತ್ತೆಹಚ್ಚಿದರು. ಮೊಮ್ಮಕ್ಕಳನ್ನು ಸಾಕುವ ಅಜ್ಜಿಯಂದಿರಿಂದ ಕುಲ ಉಳಿಯುತ್ತದೆ, ಆದ್ದರಿಂದ ನಿಸರ್ಗ ಮುದುಕರನ್ನು ಪೂರ್ತಿ ಮರೆತಿಲ್ಲ ಅಂತ ವಾದಿಸುವವರೂ ಇದ್ದಾರೆ. ಆದರೂ ಮೂಲ ಮಾತು ಗಟ್ಟಿಯಾಗಿ ನಿಂತಿದೆ. ವಯಸ್ಸು ಏರಿದಂತೆ ನಿಸರ್ಗದ ಹಿಡಿತ ಸಡಿಲವಾಗುತ್ತದೆ.

ಇದರ ರಾಜಕೀಯ ಅರ್ಥ ಯೋಚಿಸಿ. ಮುಪ್ಪು ಕರ್ಮದ ಫಲ ಅಲ್ಲ, ದೇವರ ಶಿಕ್ಷೆ ಅಲ್ಲ. ನಿಸರ್ಗಕ್ಕೆ ಮುದುಕರ ಮೇಲೆ ದ್ವೇಷವೂ ಇಲ್ಲ, ಕಾಳಜಿಯೂ ಇಲ್ಲ. ಹಾಗಾದರೆ ಕಾಳಜಿ ಬರಬೇಕಾದದ್ದು ಸಮಾಜದಿಂದ. ಸಂಧ್ಯಾ ಸುರಕ್ಷಾ ಪಿಂಚಣಿಗೆ ನಾಡಕಚೇರಿ ಮುಂದೆ ನಿಂತ ಅಜ್ಜಿಯ ಪ್ರಶ್ನೆಯೂ, ಮಿದುಳು ಯಾಕೆ ಸವೆಯುತ್ತದೆ ಅಂತ ಕೇಳುವ ವಿಜ್ಞಾನಿಯ ಪ್ರಶ್ನೆಯೂ ಕೊನೆಗೆ ಒಂದೇ ಕಡೆ ಬಂದು ಸೇರುತ್ತವೆ.

ಭಾರತದ ಪ್ರಜೆ

1956ರಲ್ಲಿ ಬ್ರಿಟನ್ ಸೂಯೆಜ್ ಕಾಲುವೆಗಾಗಿ ಈಜಿಪ್ಟಿನ ಮೇಲೆ ದಾಳಿ ಮಾಡಿತು. ಹಾಲ್ಡೇನ್ ಅದನ್ನು ಬಹಿರಂಗವಾಗಿ ಖಂಡಿಸಿದರು. 1957ರಲ್ಲಿ ಹೆಲೆನ್ ಜೊತೆ ಕಲ್ಕತ್ತಾಕ್ಕೆ ಬಂದು, ಪಿ.ಸಿ. ಮಹಾಲನೋಬಿಸ್ ಕಟ್ಟಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಸೇರಿದರು. ಭಾರತೀಯ ಉಡುಪು ಹಾಕಿದರು, ಮಾಂಸ ಬಿಟ್ಟರು. ಇಲ್ಲಿನ ಎಳೆಯ ಸಂಶೋಧಕರಿಗೆ ಅವರು ಹೇಳಿಕೊಟ್ಟದ್ದು, ದುಬಾರಿ ಯಂತ್ರ ಇಲ್ಲ ಅಂತ ಕೊರಗಬೇಡಿ, ಸುತ್ತಲಿನ ಗಿಡ, ಹಕ್ಕಿ, ಮನುಷ್ಯರನ್ನು ಎಣಿಸಿ, ಅಳೆಯಿರಿ ಎಂಬ ಪಾಠ.

ಅವರ ಶಿಷ್ಯ ಕೃಷ್ಣ ದ್ರೋಣಂರಾಜು ಆಂಧ್ರದವರು. ಅಲ್ಲಿ ಅಕ್ಕನ ಮಗಳನ್ನು ಮದುವೆಯಾಗುವ ರೂಢಿ ಇದೆ, ನಮ್ಮಲ್ಲೂ ಉಂಟು. ಹತ್ತಿರದ ರಕ್ತಸಂಬಂಧದ ಇಂಥ ಮದುವೆಗಳಿಂದ ಮಕ್ಕಳ ಆರೋಗ್ಯಕ್ಕೆ ಏನಾಗುತ್ತದೆ ಎಂಬ ಅಧ್ಯಯನಕ್ಕೆ ಹಾಲ್ಡೇನ್ ಒತ್ತಾಸೆಯಾಗಿ ನಿಂತರು. ಕಾಕಿನಾಡದ ವೈದ್ಯಕೀಯ ಕಾಲೇಜು ಶುರುವಾದದ್ದು 1958ರಲ್ಲಿ. ಆಂಧ್ರದ ಆ ಕರಾವಳಿಯ ನಂಟು ಅವರಿಗೆ ಹೀಗೆ ಮೊದಲೇ ಇತ್ತು.

ಅವರ ಜೊತೆ ಏಗುವುದು ಸುಲಭ ಇರಲಿಲ್ಲ. 1961ರ ಜನವರಿಯಲ್ಲಿ ಅಮೆರಿಕದಿಂದ ಬಂದಿದ್ದ ಇಬ್ಬರು ಎಳೆಯ ವಿಜ್ಞಾನ ವಿದ್ಯಾರ್ಥಿಗಳ ವಿಚಾರದಲ್ಲಿ ಅಮೆರಿಕನ್ ಅಧಿಕಾರಿಗಳು ನಡೆದುಕೊಂಡ ರೀತಿಯನ್ನು ಪ್ರತಿಭಟಿಸಿ, 68ರ ವಯಸ್ಸಿನಲ್ಲಿ ಉಪವಾಸ ಕೂತರು. ಮುಂದಿನ ತಿಂಗಳೇ ಮಹಾಲನೋಬಿಸ್ ಜೊತೆ ಜಗಳವಾಗಿ ಸಂಸ್ಥೆ ಬಿಟ್ಟರು. ಅದೇ ವರ್ಷ ಭಾರತದ ಪೌರತ್ವ ಪಡೆದರು. 1962ರಲ್ಲಿ ಬಿಜು ಪಟ್ನಾಯಕ್ ಸರ್ಕಾರದ ಕರೆಯ ಮೇಲೆ ಒಡಿಶಾಕ್ಕೆ ಹೋಗಿ ಭುವನೇಶ್ವರದಲ್ಲಿ ತಳಿಶಾಸ್ತ್ರದ ಪ್ರಯೋಗಾಲಯ ಕಟ್ಟಿದರು.

1964ರ ಆರಂಭದಲ್ಲಿ ಲಂಡನ್ನಿನಲ್ಲಿ ಗುದನಾಳದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಯಿತು. ಆಸ್ಪತ್ರೆಯ ಹಾಸಿಗೆಯಲ್ಲೇ ಕ್ಯಾನ್ಸರ್ ಬಗ್ಗೆ ಒಂದು ತಮಾಷೆಯ ಪದ್ಯ ಬರೆದು ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಕೆಲವರಿಗೆ ಸಿಟ್ಟು ಬಂತು. ಅವರ ಉದ್ದೇಶ ಇಷ್ಟೇ: ರಕ್ತ ಕಂಡರೆ ನಾಚಿಕೆ ಬಿಟ್ಟು ಬೇಗ ಡಾಕ್ಟರ ಹತ್ತಿರ ಹೋಗಿ. ಬಿಬಿಸಿಗಾಗಿ ತಮ್ಮ ಶ್ರದ್ಧಾಂಜಲಿಯನ್ನು ತಾವೇ ಕ್ಯಾಮೆರಾ ಮುಂದೆ ಹೇಳಿ ಮುಗಿಸಿದರು.

ಉಯಿಲಿನಲ್ಲೂ ಅದೇ ದನಿ. ಬದುಕಿದ್ದಾಗ ಈ ದೇಹ ಸಂಶೋಧನೆಗೂ ಪಾಠಕ್ಕೂ ಬಳಕೆಯಾಗಿದೆ, ಸತ್ತ ಮೇಲೆ ನನಗಂತೂ ಬೇಡ, ಬೇರೆಯವರು ಬಳಸಿಕೊಳ್ಳಲಿ ಎಂಬುದು ಅದರ ಸಾರ. ದೇಹ ಕೆಡದಂತೆ ತಣ್ಣಗಿಡುವ ಖರ್ಚನ್ನು ತಮ್ಮ ಆಸ್ತಿಯಿಂದಲೇ ಮೊದಲು ಭರಿಸಬೇಕು ಅಂತಲೂ ಬರೆದಿದ್ದರು. ಗಣಿಯಲ್ಲಿ ಶುರುವಾದ ಕೆಲಸದ ಕೊನೆಯ ಕಂತು ಅದು.

ಯಾರ ದೇಹ?

ಈ ಉಯಿಲಿನ ತೂಕ ಗೊತ್ತಾಗಬೇಕಾದರೆ ಶವಚ್ಛೇದನದ ಚರಿತ್ರೆ ಸ್ವಲ್ಪ ನೋಡಬೇಕು.

1752ರ ಕಾನೂನಿನಂತೆ ಇಂಗ್ಲೆಂಡಿನಲ್ಲಿ ನೇಣಿಗೇರಿದ ಕೊಲೆಗಾರರ ದೇಹಗಳು ವೈದ್ಯರ ಮೇಜಿಗೆ ಹೋಗುತ್ತಿದ್ದವು. ಅಂದರೆ ದೇಹ ಸೀಳುವುದು ಶಿಕ್ಷೆಯ ಮುಂದುವರಿದ ಭಾಗ. ಆ ದೇಹಗಳು ಸಾಲದೆ ಸಮಾಧಿ ಅಗೆದು ಹೆಣ ಮಾರುವ ದಂಧೆ ಬೆಳೆಯಿತು. 1828ರಲ್ಲಿ ಎಡಿನ್‌ಬರ್ಗ್‌ನ ಬರ್ಕ್ ಮತ್ತು ಹೇರ್ ಅಂಗರಚನಾ ಶಾಲೆಗೆ ಹೆಣ ಮಾರಲೆಂದೇ ಬಡವರನ್ನು ಕೊಂದು ಸಿಕ್ಕಿಬಿದ್ದರು. 1832ರಲ್ಲಿ ಬಂದ ಅನಾಟಮಿ ಕಾಯ್ದೆ ಈ ದಂಧೆ ನಿಲ್ಲಿಸಿತು. ಹೇಗೆ? ಅನಾಥಾಲಯ, ಆಸ್ಪತ್ರೆಗಳಲ್ಲಿ ಸತ್ತು, ಕೇಳುವವರಿಲ್ಲದ ಬಡವರ ದೇಹಗಳನ್ನು ಕಾನೂನಿನ ಮೂಲಕವೇ ಮೇಜಿಗೆ ಕಳಿಸಿ. ಕೊಲೆಗಾರನ ಶಿಕ್ಷೆ ಬಡವನ ಪಾಲಿಗೆ ವರ್ಗವಾಯಿತು. ಅದೇ ವರ್ಷ ತತ್ವಜ್ಞಾನಿ ಜೆರೆಮಿ ಬೆಂಥಮ್ ತಮ್ಮ ದೇಹವನ್ನು ತಾವಾಗಿ ವೈದ್ಯರಿಗೆ ಕೊಟ್ಟರು. ಆದರೆ ಬೆಂಥಮ್‌ಗಳು ಒಬ್ಬಿಬ್ಬರು, ಅನಾಥರು ಸಾವಿರಾರು.

ನಮ್ಮಲ್ಲಿ 1836ರಲ್ಲಿ ಕಲ್ಕತ್ತಾ ವೈದ್ಯಕೀಯ ಕಾಲೇಜಿನಲ್ಲಿ ಮಧುಸೂದನ ಗುಪ್ತ ಮೈಲಿಗೆಯ ಭಯ ಮೀರಿ ಶವಚ್ಛೇದನ ಮಾಡಿದರು. ಮೇಲ್ಜಾತಿಯ ಕೈ ಶವ ಮುಟ್ಟಿತು ಅಂತ ಚರಿತ್ರೆ ಅದನ್ನು ದಾಖಲಿಸಿದೆ, ಸರಿಯೇ. ಆ ಶವ ಯಾರದ್ದು ಅಂತ ಚರಿತ್ರೆ ಕೇಳುವುದಿಲ್ಲ. ಮುಂದೆ ರಾಜ್ಯಗಳು ತಂತಮ್ಮ ಅನಾಟಮಿ ಕಾಯ್ದೆ ಮಾಡಿಕೊಂಡವು. ನಮ್ಮ ರಾಜ್ಯದ್ದು 1957ರದ್ದು. ವಾರಸುದಾರರಿಲ್ಲದ ದೇಹಗಳನ್ನು ವೈದ್ಯಕೀಯ ಕಾಲೇಜುಗಳಿಗೆ ಕೊಡಲು ಅದು ದಾರಿ ಮಾಡಿತು. ಬಸ್ ನಿಲ್ದಾಣದಲ್ಲಿ ಸತ್ತ ಭಿಕ್ಷುಕ, ಊರು ಬಿಟ್ಟು ಬಂದ ಕೂಲಿಯವ, ಮನೆಯವರು ಕೈಬಿಟ್ಟ ಮುದುಕಿ. ನಮ್ಮ ಡಾಕ್ಟರುಗಳು ಮನುಷ್ಯ ದೇಹದ ಮೊದಲ ಪಾಠ ಕಲಿಯುವುದು ಬಹಳ ಸಲ ಇಂಥವರಿಂದ. ಬದುಕಿದ್ದಾಗ ಯಾರೂ ಅವರ ಒಪ್ಪಿಗೆ ಕೇಳಲಿಲ್ಲ, ಸತ್ತ ಮೇಲೂ ಕೇಳಲಿಲ್ಲ.

ಹೆಸರು, ಮನೆತನ, ಆಸ್ತಿ ಇರುವ ಮನುಷ್ಯ ತಾನಾಗಿ ಆ ಮೇಜಿನ ಮೇಲೆ ಮಲಗುತ್ತೇನೆ ಅಂದರೆ ಅದಕ್ಕೆ ಬೇರೆಯದೇ ಅರ್ಥ ಬರುತ್ತದೆ. 2010ರಲ್ಲಿ ಜ್ಯೋತಿ ಬಸು ಅವರ ದೇಹ ಕೋಲ್ಕತ್ತಾದ ಆಸ್ಪತ್ರೆಗೆ ಹೋಯಿತು. 2024ರಲ್ಲಿ ಸೀತಾರಾಂ ಯೆಚೂರಿ ಅವರದ್ದು ದೆಹಲಿಯ ಏಮ್ಸ್‌ಗೆ. ಇದು ಎಡಪಕ್ಷಗಳ ಗುತ್ತಿಗೆಯೇನಲ್ಲ. ಬೈಲಹೊಂಗಲದ ಆಯುರ್ವೇದ ವೈದ್ಯ ಡಾ. ಬಿ.ಎಸ್. ರಾಮಣ್ಣವರ ತಮ್ಮ ದೇಹ ದಾನ ಮಾಡಿದ್ದರು. 2010ರಲ್ಲಿ ಬೆಳಗಾವಿಯಲ್ಲಿ ಆ ದೇಹವನ್ನು ವಿದ್ಯಾರ್ಥಿಗಳ ಎದುರು ಛೇದಿಸಿ ಪಾಠ ಮಾಡಿದವರು ಅವರ ಮಗ, ಅಂಗರಚನಾ ಶಾಸ್ತ್ರದ ಅಧ್ಯಾಪಕ ಡಾ. ಮಹಾಂತೇಶ ರಾಮಣ್ಣವರ. ಅಪ್ಪನ ಇಚ್ಛೆಯೇ ಹಾಗಿತ್ತು.

ಅರಳು ಮರಳಿನ ಗುಟ್ಟು

ಹಾಲ್ಡೇನ್ ಕಾಲದಲ್ಲಿ ದೇಹ ಕೊಡುವುದೆಂದರೆ ಮುಖ್ಯವಾಗಿ ಅಂಗರಚನೆಯ ಪಾಠಕ್ಕೆ. ಈಗ ಮುಪ್ಪಿನ ಸಂಶೋಧನೆ ವಿಶೇಷವಾಗಿ ಕೇಳುತ್ತಿರುವುದು ಮಿದುಳನ್ನು.

ಅರವತ್ತಕ್ಕೆ ಅರಳು ಮರಳು ಅಂತ ನಾವು ಹಗುರವಾಗಿ ಆಡಿಬಿಡುತ್ತೇವೆ. ಆದರೆ ಮರೆವಿನ ಕಾಯಿಲೆ ಎಲ್ಲರಿಗೂ ಬರುವುದಿಲ್ಲ, ಬಂದವರಿಗೆ ಒಂದೇ ಥರ ಬರುವುದೂ ಇಲ್ಲ. 1986ರಲ್ಲಿ ಡೇವಿಡ್ ಸ್ನೋಡನ್ ಅಮೆರಿಕದ ಕ್ರೈಸ್ತ ಸನ್ಯಾಸಿನಿಯರ ನಡುವೆ ಅಧ್ಯಯನವೊಂದನ್ನು ಶುರು ಮಾಡಿದರು. 75 ದಾಟಿದ 678 ಸಿಸ್ಟರ್‌ಗಳು ವರ್ಷವರ್ಷ ನೆನಪಿನ ಪರೀಕ್ಷೆ ಕೊಟ್ಟರು, ಸತ್ತ ಮೇಲೆ ಮಿದುಳು ಕೊಡಲು ಒಪ್ಪಿದರು. ಅವರಲ್ಲಿ 101 ವರ್ಷ ಬದುಕಿದ ಸಿಸ್ಟರ್ ಮೇರಿ ಕೊನೆತನಕ ಚುರುಕಾಗಿದ್ದರು. ಮಿದುಳು ತೆರೆದು ನೋಡಿದರೆ ಆಲ್ಝೈಮರ್ ಕಾಯಿಲೆಯ ಗುರುತುಗಳು ತುಂಬಿದ್ದವು. ಕಾಯಿಲೆಯ ಗುರುತು ಇದ್ದೂ ಬುದ್ಧಿ ಉಳಿದದ್ದು ಹೇಗೆ? ಈ ಪ್ರಶ್ನೆ ಹುಟ್ಟಲು ಅವರ ಮಿದುಳು ಬೇಕಾಯಿತು. ಬದುಕಿದ್ದಾಗಿನ ದಾಖಲೆಯೂ ಬೇಕಾಯಿತು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳು ಬ್ಯಾಂಕ್ ಇದೆ. ಡಾ. ಎಸ್.ಕೆ. ಶಂಕರ್ ಕಟ್ಟಿ ಬೆಳೆಸಿದ್ದು. ದೇಶದಲ್ಲಿ ಇಂಥವು ಬೆರಳೆಣಿಕೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರ 2018ರಿಂದ 45 ದಾಟಿದ ಹಳ್ಳಿಗರನ್ನು ವರ್ಷಗಟ್ಟಲೆ ಗಮನಿಸುತ್ತಿದೆ. ಗುರಿ 10,000 ಜನ. ಮುಪ್ಪಿನ ಮಿದುಳಿನ ಬಗ್ಗೆ ಜಗತ್ತಿಗೆ ಗೊತ್ತಿರುವುದು ಬಹುಪಾಲು ಶ್ರೀಮಂತ ದೇಶಗಳ ಬಿಳಿಯರಿಂದ. ಮುದ್ದೆ ಉಂಡು, ಬಿಸಿಲಲ್ಲಿ ದುಡಿದು, ಶಾಲೆಯ ಮೆಟ್ಟಿಲು ಹತ್ತದ ನಮ್ಮ ಅಜ್ಜಿಯ ಮಿದುಳು ಹೇಗೆ ಮುಪ್ಪಾಗುತ್ತದೆ ಎಂಬುದಕ್ಕೆ ಉತ್ತರ ಇಲ್ಲಿಂದಲೇ ಬರಬೇಕು.

ಇಲ್ಲಿ ಮೂರು ದಾನಗಳನ್ನು ಬೇರೆಬೇರೆಯಾಗಿ ತಿಳಿದುಕೊಳ್ಳಬೇಕು. ಮಿದುಳು ನಿಷ್ಕ್ರಿಯವಾದವರ ಹೃದಯ, ಮೂತ್ರಪಿಂಡಗಳನ್ನು ಇನ್ನೊಬ್ಬರಿಗೆ ಹಾಕುವುದು ಅಂಗದಾನ. ಅದಕ್ಕೆ 1994ರ ಕೇಂದ್ರ ಕಾಯ್ದೆ ಇದೆ. ಇಡೀ ದೇಹವನ್ನು ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗಕ್ಕೆ ಕೊಡುವುದು ದೇಹದಾನ. ಕಣ್ಣು ದಾನ ಮಾಡಿದ ಮೇಲೂ ಇದನ್ನು ಮಾಡಬಹುದು. ಮಿದುಳು ದಾನ ಮೂರನೆಯದು. ಸತ್ತ ಕೆಲವೇ ಗಂಟೆಗಳಲ್ಲಿ ಮಿದುಳನ್ನು ತೆಗೆದು, ದೇಹವನ್ನು ಮನೆಯವರಿಗೆ ವಾಪಸ್ ಕೊಡುತ್ತಾರೆ. ಮಣ್ಣು ಮಾಡಬಹುದು, ಹಾಲುತುಪ್ಪ ಬಿಡಬಹುದು, ತಿಥಿಯನ್ನೂ ಮಾಡಬಹುದು. ಕಾಯಿಲೆ ಇದ್ದವರದ್ದಷ್ಟೇ ಅಲ್ಲ, ಹೋಲಿಸಿ ನೋಡಲು ಚೆನ್ನಾಗಿದ್ದವರ ಮಿದುಳೂ ಬೇಕು.

ಸತ್ಯಮಂಗಲದಿಂದ ಬೆಂಗಳೂರು ಸುಮಾರು 70 ಕಿಲೋಮೀಟರ್. ತುಮಕೂರಿನಲ್ಲೇ ವೈದ್ಯಕೀಯ ಕಾಲೇಜು 1988ರಿಂದ ಇದೆ. ದೂರ ಸಮಸ್ಯೆಯಲ್ಲ. ಸಮಸ್ಯೆ ಇರುವುದು ಮನೆಯ ಜಗುಲಿಯಲ್ಲಿ. ಅರ್ಜಿಗೆ ಸಹಿ ಹಾಕಿದವರು ಸತ್ತ ಮೇಲೆ ಕಾಲೇಜಿಗೆ ಫೋನ್ ಮಾಡಬೇಕಾದವರು ಮನೆಯವರು. ಅವರು ಮಾಡದಿದ್ದರೆ ಆ ಸಹಿ ಬರೀ ಕಾಗದ. ನೆಂಟರು ಬಂದು ಸೇರಿದ ಮೇಲೆ, ಮುಕ್ತಿ ಸಿಗಲ್ಲ ಅಂತ ಯಾರೋ ಒಬ್ಬರು ಅಂದ ಮೇಲೆ, 25 ವರ್ಷದ ಮೊಮ್ಮಗ ಒಬ್ಬನೇ ವಾದ ಮಾಡಿ ಗೆಲ್ಲುವುದು ಕಷ್ಟ. ಈ ಮಾತು ಬದುಕಿದ್ದಾಗಲೇ, ಎಲ್ಲರೂ ಕೂತು ಉಣ್ಣುವ ಹೊತ್ತಿನಲ್ಲಿ ಆಗಬೇಕು.

ಇನ್ನೊಂದು ಮಾತು. ದಾನ ಅಂದ ಕೂಡಲೇ ಪುಣ್ಯದ ಲೆಕ್ಕ ಬರುತ್ತದೆ. ಯಾರಿಗೂ ಒತ್ತಾಯ ಮಾಡಬಾರದು, ಅದರಲ್ಲೂ ಬದುಕಿಡೀ ಬೇರೆಯವರಿಗಾಗಿ ಮೈ ಸವೆಸಿದ ಬಡವರಿಗೆ, ಕೂಲಿಗಳಿಗೆ, ಹೆಂಗಸರಿಗೆ. ಅವರ ದೇಹ ಸಮಾಜಕ್ಕೆ ಸಾಲಗಾರ ಅಲ್ಲ. ಕೇಳಬೇಕಾದದ್ದು ಮೊದಲು ಹೆಸರು, ಪದವಿ, ಜಾತಿಬಲ ಇರುವ ಮನೆಗಳನ್ನು. ಶಾಸಕರನ್ನು, ಪ್ರೊಫೆಸರುಗಳನ್ನು, ಡಾಕ್ಟರುಗಳನ್ನು, ನಮ್ಮಂತೆ ಬರೆಯುವವರನ್ನು. ಅನಾಥ ಶವದ ಮೇಲೆ ನಿಂತ ವಿಜ್ಞಾನ ಒಪ್ಪಿಗೆಯ ದೇಹದ ಮೇಲೆ ನಿಲ್ಲುವಂತಾಗಲು ಬೇರೆ ದಾರಿ ಇಲ್ಲ.

ಹಾಲ್ಡೇನ್ ಸತ್ತು ಅರವತ್ತು ವರ್ಷ ದಾಟಿತು. ಮುಪ್ಪನ್ನು ನಿಸರ್ಗ ಯಾಕೆ ಕಾಯುವುದಿಲ್ಲ ಅಂತ ಹೇಳಿದವರು ತಾವು ಮುದುಕರಾದಾಗ, ಕಾಯಿಲೆ ಬಿದ್ದಾಗ, ಆ ದೇಹವನ್ನೇ ಹೊಸ ನಾಡಿನ ವಿದ್ಯಾರ್ಥಿಗಳ ಕೈಗಿಟ್ಟು ಹೋದರು. ಕಾಕಿನಾಡದಲ್ಲಿ ಆಗ ಓದುತ್ತಿದ್ದ ಹುಡುಗ-ಹುಡುಗಿಯರಲ್ಲಿ ಈಗ ಇರುವವರು ಎಂಬತ್ತರ ಆಸುಪಾಸಿನ ಡಾಕ್ಟರುಗಳು. ಈಗ ಮುಪ್ಪು ಅವರದ್ದು, ನಾಳೆ ನಮ್ಮದು.